ಹಿಮ ಬೀಳುವ ಸಂತೆ

ಯಲ್ಲಾಪುರದಿಂದ ಶಿರಸಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಅಬ್ದುಲ್ ರಜಾಕ್ ತೊಡೆಯ ಮೇಲೆ ಕಾಶ್ಮೀರವನ್ನು ಇಟ್ಟುಕೊಂಡು ಕೂತಿದ್ದ. ಗಾಜು ಹಾಕಿಸಿ, ಬಂಗಾರದ ಬಣ್ಣದ ಚೌಕಟ್ಟು ಕೂಡಿಸಿ, ಹಳೆಯ ಪತ್ರಿಕೆ ಸುತ್ತಿದ ಆ ಪಟದಲ್ಲಿ ಒಂದು ಸರೋವರ, ಒಂದು ದೋಣಿ, ಹಿಂದೆ ಬಿಳಿಯ ಬೆಟ್ಟ ಇದ್ದವು. ದೋಣಿಯಲ್ಲಿ ಯಾರೂ ಇರಲಿಲ್ಲ. ಹುಬ್ಬಳ್ಳಿಯ ಅಂಗಡಿಯವನಿಗೆ ಅವನು ಹೇಳಿದ್ದು ಎರಡೇ ಮಾತು: ದೊಡ್ಡದಿರಬೇಕು, ಹಿಮ ಇರಬೇಕು. ಇದನ್ನು ಶಿರಸಿಯ ಶಂಕ್ರಪ್ಪನ ಮನೆಗೆ ಕೊಟ್ಟು, ಒಂದು ವರ್ಷದ ಹಿಂದೆ ತಾನೇ ಅಲ್ಲಿ ಕೊಟ್ಟಿದ್ದ ಇನ್ನೊಂದು ಹಿಮದ ಪಟವನ್ನು ವಾಪಸು ತರಬೇಕು. ಹಿಮಕ್ಕೆ ಹಿಮ. ರಾತ್ರಿ ಹಾಸಿಗೆಯಲ್ಲಿ ಇದು ನ್ಯಾಯವಾದ ವ್ಯವಹಾರದಂತೆ ಕಂಡಿತ್ತು. ಈಗ ಬಸ್ಸು ಕುಲುಕಿದಾಗಲೆಲ್ಲ ಗಾಜು ಕಟಕಟ ಅನ್ನುತ್ತಿತ್ತು, ಪಕ್ಕದಲ್ಲಿ ಕೂತ ಅಡಿಕೆ ತೋಟದವರೊಬ್ಬರು ಬಹಳ ಹೊತ್ತು ಅದನ್ನೇ ನೋಡಿ, "ಎಂತ ಸಾಹೇಬ್ರೆ, ಕನ್ನಡಿಯಾ?" ಎಂದು ಕೇಳಿದರು. ರಜಾಕ್ ಹೌದು ಎಂದ. ಪಟ ಎಂದಿದ್ದರೆ ಏನೂ ಆಗುತ್ತಿರಲಿಲ್ಲ. "ಬೇಡ್ತಿ ಸೇತುವೆ ಹತ್ರ ರಸ್ತೆ ಸರಿ ಇಲ್ಲೆ. ಒಡೆದು ಹೋಗ್ತು, ಸಮಾ ಹಿಡ್ಕಳಿ" ಎಂದು ಅವರು ತಾವೂ ಒಂದು ಮೂಲೆಯನ್ನು ಹಿಡಿದುಕೊಂಡರು. ಹೀಗೆ ಮಂಚಿಕೇರಿಯವರೆಗೆ ಇಬ್ಬರೂ ಸೇರಿ ಇಲ್ಲದ ಕನ್ನಡಿಯನ್ನು ಕಾಪಾಡಿದರು.

ಆ ಇನ್ನೊಂದು ಪಟ ಇಶಿದಾ ಸಾಹೇಬರದು. ಬೇಲೆಕೇರಿ ಬಂದರಿನಿಂದ ಹಡಗು ಹತ್ತುವ ಅದಿರಿನ ಗುಣ ನೋಡಲು ಜಪಾನಿನ ಕಂಪನಿಯೊಂದು ಕಳಿಸಿದ್ದ ಮನುಷ್ಯ. ರಜಾಕನ ಎರಡು ಲಾರಿಗಳು ಅರಬೈಲ್ ಘಟ್ಟ ಇಳಿಸುತ್ತಿದ್ದದ್ದು ಅದೇ ಅದಿರನ್ನು. ಒಂದು ದಿನ ಘಟ್ಟದ ತಿರುವಿನಲ್ಲಿ ಜೀಪು ನಿಂತಿತ್ತು, ಜೀಪಿನ ನೆರಳಿನಲ್ಲಿ ಟೋಪಿ ಹಾಕಿಕೊಂಡ ಸಣ್ಣ ಮನುಷ್ಯನೊಬ್ಬ ಜ್ವರದಿಂದ ನಡುಗುತ್ತ ನೆಟ್ಟಗೆ ಕೂತಿದ್ದ. ಒರಗಿ ಕೂತರೆ ಯಾರಿಗಾದರೂ ಅವಮಾನವಾದೀತು ಎಂಬಂತೆ. ರಜಾಕ್ ಅವನನ್ನು ಲಾರಿಯಲ್ಲಿ ಹಾಕಿಕೊಂಡು ಮನೆಗೆ ತಂದ. ಹೆಂಡತಿ ಶಮ್ಸುನ್ನಿಸಾ ಪರದೆಯ ಆಚೆಯಿಂದ ಗಂಜಿ ಕಳಿಸಿದಳು, ನಾಲ್ಕು ದಿನ. ಇಶಿದಾ ಗಂಜಿ ಕುಡಿದು ಪ್ರತಿಸಲವೂ ಪರದೆಗೆ ತಲೆಬಾಗಿಸುತ್ತಿದ್ದ. ಅವಳಿಗೆ ಅದು ಕಾಣುತ್ತಿರಲಿಲ್ಲ. ರಜಾಕ್ ಒಳಗೆ ಹೋಗಿ, "ನಿನಗೆ ಬಗ್ಗಿದ" ಎಂದು ಹೇಳಬೇಕಾಗುತ್ತಿತ್ತು. ಮಾರನೆಯ ವರ್ಷ ಮಳೆಗಾಲ ಮುಗಿದು ಮತ್ತೆ ಹಡಗು ಬಂದಾಗ ಇಶಿದಾ ಎರಡೂ ಕೈಯಲ್ಲಿ ಒಂದು ಪಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮರದ ಹಲಗೆಯ ಮೇಲೆ ಕೆತ್ತಿ, ಬಣ್ಣ ಸವರಿ, ಕಾಗದ ಇಟ್ಟು ಒತ್ತಿದ್ದು ಎಂದು ಮೇಜಿನ ಮೇಲೆ ಅಂಗೈ ಉಜ್ಜಿ ತೋರಿಸಿದ. ಯಾವ ಮರ ಎಂದು ಕೇಳಬೇಕೆನಿಸಿತು ರಜಾಕನಿಗೆ, ಸಾಗವಾನಿಯ ಊರಿನವನು. ಕೇಳಲು ಇಂಗ್ಲಿಷು ಸಾಲಲಿಲ್ಲ. ಚಿತ್ರದಲ್ಲಿ ಕೆಂಪು ಬಣ್ಣದ ದೊಡ್ಡ ಹೆಬ್ಬಾಗಿಲು, ಅದರ ಮುಂದೆ ಸಂತೆ. ಹುಲ್ಲಿನ ಹಗ್ಗದ ಮಾಲೆಗಳು, ಒಂದರ ಮೇಲೊಂದು ಪೇರಿಸಿದ ಮರದ ಬಾನಿಗಳು, ಕಾಗದದ ಲಾಟೀನುಗಳು, ಕೊಡೆಗಳೇ ಕೊಡೆಗಳು. ಎಲ್ಲದರ ಮೇಲೆ ಹಿಮ. ಹಿಮಕ್ಕೆ ಬಣ್ಣ ಹಚ್ಚಿರಲಿಲ್ಲ, ಬರಿಯ ಕಾಗದವನ್ನೇ ಹಾಗೆ ಬಿಟ್ಟಿದ್ದರು. "ಇಯರ್ ಎಂಡ್. ಮಾರ್ಕೆಟ್. ಎವ್ರಿ ಇಯರ್" ಎಂದ ಇಶಿದಾ. ಆಮೇಲೆ ತನ್ನ ಎದೆ ಮುಟ್ಟಿಕೊಂಡು, "ಮೈ ಮದರ್, ವಾಲ್" ಎಂದ. ತಾಯಿಯ ಮನೆಯ ಗೋಡೆಯಿಂದ ತೆಗೆದುಕೊಂಡು ಬಂದಿದ್ದಾನೆ ಎಂಬುದು ರಜಾಕನಿಗೆ ಅರ್ಥವಾಯಿತು. ಅರ್ಥವಾಗದೆ ಇದ್ದಿದ್ದರೆ ಮುಂದಿನದೆಲ್ಲ ಹಗುರವಾಗುತ್ತಿತ್ತು.

ಶಮ್ಸುನ್ನಿಸಾ ಸಿಟ್ಟಾಗಲಿಲ್ಲ. ನಡುಮನೆಯಲ್ಲಿ ನಮಾಜು ಮಾಡುವುದು, ಅಲ್ಲಿ ಮುಖಗಳು ಬೇಡ ಎಂದಳು, ಅಷ್ಟೆ. ಮುಖ ಎಲ್ಲಿವೆ, ಎಲ್ಲ ಕೊಡೆಗಳೇ ಅಲ್ಲವೇ ಎಂದು ರಜಾಕ್ ವಾದಿಸಿದ. ಅವಳು ಪಟದ ಹತ್ತಿರ ಬಂದು ಎಣಿಸತೊಡಗಿದಳು. ಎಣಿಕೆ ಮುಗಿಯುವ ಲಕ್ಷಣ ಕಾಣದೆ ಅವನೇ ಪಟ ಎತ್ತಿಟ್ಟ. ಅಲ್ಮೇರಿಯ ಹಿಂದೆ ಇಟ್ಟರೆ ಜಿರಲೆ, ಗ್ಯಾರೇಜಿನಲ್ಲಿ ಇಟ್ಟರೆ ಎಣ್ಣೆ. ಒಬ್ಬರ ತಾಯಿಯ ಗೋಡೆಯ ಮೇಲಿದ್ದ ವಸ್ತು ಮನೆಯಲ್ಲಿ ಎಲ್ಲಿಟ್ಟರೂ ತಪ್ಪು ಜಾಗದಲ್ಲಿದ್ದಂತೆ ಅವನನ್ನು ಕಾಡತೊಡಗಿತು. ಶಂಕ್ರಪ್ಪನ ನೆನಪಾದದ್ದು ಆಗ. ಶಿರಸಿಯಲ್ಲಿ ಬಟ್ಟೆ ಅಂಗಡಿ, ಬನವಾಸಿ ಕಡೆಯ ಮನೆತನ, ಹುಬ್ಬಳ್ಳಿಯಿಂದ ಅವನ ಜವಳಿ ಗಂಟು ತರುತ್ತ ಬೆಳೆದ ಸ್ನೇಹ. ಶಂಕ್ರಪ್ಪನಿಗೆ ಪಟ ಎಂದರೆ ಪ್ರಾಣ. ಮಿಲ್ಲಿನವರು ಕಳಿಸುವ ಕ್ಯಾಲೆಂಡರಿಗೂ ಚೌಕಟ್ಟು ಹಾಕಿಸುತ್ತಿದ್ದ. ಹೋದ ಚಳಿಗಾಲದ ಒಂದು ಬೆಳಿಗ್ಗೆ ಪಟವನ್ನು ಕಾಗದದಲ್ಲಿ ಸುತ್ತಿಕೊಂಡು, ಭಾರ ಇಳಿಸಲು ಹೊರಟವನ ಲಘುವಾದ ಹೆಜ್ಜೆಯಲ್ಲಿ ರಜಾಕ್ ಶಂಕ್ರಪ್ಪನ ಮನೆಯ ಬೀದಿ ಹೊಕ್ಕ. ಅಂಗಡಿ ಮುಚ್ಚಿತ್ತು. ಮನೆಯ ಮುಂದೆ ಚಪ್ಪಲಿಗಳ ರಾಶಿ. ಏನೋ ಕಾರ್ಯ ನಡೆದಿದೆ, ತನಗೆ ಹೇಳಿಲ್ಲ ಎಂದುಕೊಂಡು ಹೊಸ್ತಿಲಲ್ಲಿ ನಿಂತು, "ಏನು ಶಂಕ್ರಪ್ಪನವರೇ, ನನ್ನ ಬಿಟ್ಟು ಊರಿಗೆಲ್ಲ ಊಟ ಹಾಕ್ತಿದ್ದೀರಾ?" ಎಂದು ನಗುತ್ತ ಕೂಗಿದ.

ಒಳಗೆ ಗೋಡೆಗೆ ಒರಗಿ ಕೂತಿದ್ದವರೆಲ್ಲ ಅವನ ಕಡೆ ತಿರುಗಿದರು. ಯಾರೋ ಒಬ್ಬರು ಎದ್ದು ಬಂದು ಕಿವಿಯಲ್ಲಿ ಹೇಳಿದರು: ಮಗಳು, ಮೂರು ದಿನದ ಜ್ವರ, ನಿನ್ನೆ ಮಣ್ಣು ಮಾಡಿದ್ದು. ಎಂಟು ವರ್ಷದ ಹುಡುಗಿ. ರಜಾಕ್ ಬಂದಾಗಲೆಲ್ಲ ಲಾರಿಯ ಹಾರನ್ನು ಒತ್ತಲು ಓಡಿಬರುತ್ತಿದ್ದವಳು. ನಗುವಿನ ಆಕಾರ ಅವನ ಮುಖದ ಮೇಲೆ ಇನ್ನೂ ಉಳಿದಿತ್ತು, ಅದನ್ನು ತೆಗೆಯುವುದು ಹೇಗೆಂದು ಗೊತ್ತಾಗಲಿಲ್ಲ. ನಡುವಿನ ಕೋಣೆಯಲ್ಲಿ ಶಂಕ್ರಪ್ಪನ ಹೆಂಡತಿ ನೀಲಗಂಗವ್ವ ಕೂತಿದ್ದಳು. ಅವನು ಹೋಗಿ ಕೈಯಲ್ಲಿದ್ದದ್ದನ್ನು ಮುಂದೆ ಚಾಚಿದ. ಅವಳು ಕಾಗದ ಬಿಚ್ಚಿದಳು. ಬಹಳ ಹೊತ್ತು ನೋಡಿದಳು. ಸಂತೆಯ ಬಲಗಡೆ, ಕೆಂಪು ಉಡುಪಿನ ಒಂದು ಸಣ್ಣ ಹುಡುಗಿ ಬೆನ್ನು ಮಾಡಿ ನಿಂತಿದ್ದಳು. ಆ ಹುಡುಗಿಯನ್ನು ರಜಾಕ್ ಅಲ್ಲಿಯವರೆಗೆ ನೋಡಿರಲೇ ಇಲ್ಲ. ನೀಲಗಂಗವ್ವ ಅದರ ಮೇಲೆ ಬೆರಳಿಟ್ಟು ಅಳಲು ಶುರುಮಾಡಿದಳು; ಮಣ್ಣು ಮಾಡಿದ ಮೇಲೆ ಅವಳು ಅತ್ತದ್ದು ಅದೇ ಮೊದಲು ಎಂದು ಹೆಂಗಸರು ಅಂದರು. ಯಲ್ಲಾಪುರದ ಸಾಹೇಬರು ಎಲ್ಲಿಂದಲೋ ಹುಡುಕಿ ಮಗುವಿನ ಪಟ ತಂದುಕೊಟ್ಟರು ಎಂದು ಶಿರಸಿಯ ಪೇಟೆಯಲ್ಲಿ ಮಾತಾಯಿತು. ಹೊಸ್ತಿಲಲ್ಲಿ ಅವನು ಕೂಗಿದ್ದು ಯಾರ ಬಾಯಲ್ಲೂ ಬರಲಿಲ್ಲ. ಅದೇ ಅವನಿಗೆ ಹೆಚ್ಚು ಹಿಂಸೆಯಾಯಿತು. ಬೈದಿದ್ದರೆ ಒಂದು ಸಲ ತಲೆತಗ್ಗಿಸಿ ಮುಗಿಯುತ್ತಿತ್ತು; ಹೊಗಳಿಕೆಗೆ ಬಸ್‌ಸ್ಟ್ಯಾಂಡಿನಲ್ಲಿ, ಮಸೀದಿಯ ಮುಂದೆ, ಪೆಟ್ರೋಲು ಹಾಕಿಸುವಲ್ಲಿ ಮತ್ತೆ ಮತ್ತೆ ತಲೆತಗ್ಗಿಸಬೇಕಾಯಿತು.

ಈಗ ಅದಿರು ಏಜೆಂಟರ ಗುಮಾಸ್ತ ನಾಗಪತಿ ಹೇಳಿಕಳಿಸಿದ್ದ: ಇಶಿದಾ ಊರಿಗೆ ಹೋಗುತ್ತಾರೆ, ಇನ್ನು ಬರುವುದಿಲ್ಲ, ಶುಕ್ರವಾರ ನಿಮ್ಮ ಮನೆಗೆ ಬಂದು ಹೇಳಿ ಹೋಗುತ್ತಾರಂತೆ, ಆ ಪಟ ನಿಮ್ಮ ಗೋಡೆಯ ಮೇಲೆ ಹೇಗೆ ಕಾಣುತ್ತದೆ ನೋಡಬೇಕು ಅಂದರು.

ಶಂಕ್ರಪ್ಪ ಅಂಗಡಿಯಲ್ಲೇ ಇದ್ದ. "ಬರ್ರಿ ಸಾಹೇಬ್ರ, ಕುಂದರ್ರಿ" ಎಂದು ಗಾದಿಯ ಮೇಲಿನ ಬಟ್ಟೆಯ ಥಾನುಗಳನ್ನು ಸರಿಸಿದ. ವರ್ಷದಲ್ಲಿ ಅವನ ಕಿವಿಯ ಪಕ್ಕದ ಕೂದಲು ಪೂರಾ ಬೆಳ್ಳಗಾಗಿತ್ತು. ರಜಾಕ್ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತಿನ ಮೊದಲ ಪದವನ್ನು ಹುಡುಕುತ್ತಿರುವಾಗ ಶಂಕ್ರಪ್ಪ ಪತ್ರಿಕೆ ಸುತ್ತಿದ ಗಂಟನ್ನು ನೋಡಿ, "ಇದೇನ್ರಿ?" ಎಂದ. "ನಿಮಗೇ" ಎಂದ ರಜಾಕ್. ಆ ಮಾತಿಗೆ ಜೋಡಿಯಾಗಿ ಬರಬೇಕಾಗಿದ್ದ ಇನ್ನೊಂದು ಮಾತು ಬರಲಿಲ್ಲ. ಶಂಕ್ರಪ್ಪ ಬಿಚ್ಚಿ ನೋಡಿ, ದೋಣಿ ಚಲೋ ಐತಿ ಎಂದು, ಅಲ್ಲೇ ಆಳನ್ನು ಕರೆದು ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಮೊಳೆ ಹೊಡೆಸಿದ. ಸುತ್ತಿಗೆಯ ಸದ್ದು ಕೇಳುತ್ತ ರಜಾಕ್ ತನ್ನ ವ್ಯವಹಾರದ ಅರ್ಧಭಾಗ ಮುಗಿದುಹೋಯಿತು, ಆದರೆ ಬೇಡದ ಅರ್ಧ ಎಂದುಕೊಂಡ. ಬಟ್ಟೆ ಕೊಳ್ಳಲು ಬಂದಿದ್ದ ಮುದುಕರೊಬ್ಬರು, "ಇವರs ಏನು ಪಟದ ಸಾಹೇಬ್ರು?" ಎಂದು ಶಂಕ್ರಪ್ಪನನ್ನು ಕೇಳಿ ಕೈಮುಗಿದರು. ರಜಾಕನೂ ಕೈಮುಗಿದ.

ಊಟದ ಹೊತ್ತಿಗೆ ಮನೆಗೆ ಹೋದರು. ಬೀದಿಯ ಉದ್ದಕ್ಕೂ ರಜಾಕ್, ಸಾಲಕ್ಕೆ ಬಂದವನಂತೆ, ನಾಲ್ಕು ಸಲ ಗಂಟಲು ಸರಿಮಾಡಿಕೊಂಡ. ಶಂಕ್ರಪ್ಪ ಏನು ಎಂದು ಕೇಳಲಿಲ್ಲ. ನೀಲಗಂಗವ್ವ ವರ್ಷದಿಂದ ಮನೆ ಬಿಟ್ಟು ಹೊರಗೆ ಬಂದಿಲ್ಲ, ಆದರೆ ಈಗ ಮಾತಾಡುತ್ತಾಳೆ, ಮೊದಮೊದಲು ಆ ಪಟದ ಜೊತೆ ಮಾತ್ರ ಆಡುತ್ತಿದ್ದಳು ಎಂದು, ದರ ಹೇಳುವ ದನಿಯಲ್ಲಿ ಹೇಳಿದ. ರಜಾಕನಿಗೆ ಅರ್ಧ ದಾರಿಯಲ್ಲೇ ತಿರುಗಿ ಹೋಗಬೇಕೆನಿಸಿತು. ಇಶಿದಾಗೆ ಏನಾದರೂ ಹೇಳಬಹುದು. ಮಳೆಯಲ್ಲಿ ಹಾಳಾಯಿತು ಎನ್ನಬಹುದು, ಗೆದ್ದಲು ಎನ್ನಬಹುದು, ಇಲ್ಲಿಯ ಗೆದ್ದಲಿನ ವಿಷಯ ಜಪಾನಿಗೆ ಏನು ಗೊತ್ತು. ಆದರೆ ಗೆದ್ದಲು ಎಂದ ಕೂಡಲೇ ಆ ಸಣ್ಣ ಮನುಷ್ಯ ಪರದೆಗೆ ಬಗ್ಗಿದಂತೆ ಗೆದ್ದಲಿಗೂ ಬಗ್ಗಿ ಸುಮ್ಮನಾಗುವುದು ಕಣ್ಣಿಗೆ ಕಟ್ಟಿತು.

ನಡುಮನೆಗೆ ಕಾಲಿಟ್ಟಾಗ ಪಟ ಇದ್ದ ಜಾಗ ಖಾಲಿ ಇತ್ತು. ಸುಣ್ಣದ ಗೋಡೆಯ ಮೇಲೆ ಅಷ್ಟಗಲ ಹೆಚ್ಚು ಬೆಳ್ಳಗಿನ ಚೌಕ. ನೀಲಗಂಗವ್ವ ಒಳಗಿನಿಂದ ಒಗೆದ ಪಂಚೆಯಲ್ಲಿ ಸುತ್ತಿದ ಪಟವನ್ನು ತಂದು ಅವನ ಪಕ್ಕದ ಮಣೆಯ ಮೇಲಿಟ್ಟಳು. "ಮೊನ್ನೆ ನಾಗಪತಿಯವರು ಅಂಗಡಿಗೆ ಬಂದಾಗ ಹೇಳಿದ್ರಂತ್ರಿ, ತಾವು ಕೊಟ್ಟ ಹಿಮದ ಪಟ ನೋಡಾಕ ಜಪಾನಿನವರು ನಿಮ್ಮ ಮನೀಗೆ ಬರ್ತಾರಂತ. ಅವರು ಕೊಟ್ಟದ್ದು ಅವರ ಕಣ್ಣಿಗೆ ಬೀಳಬೇಕಲ್ರಿ. ಒಯ್ದು ಹಾಕಿಕೊಂಡು, ಶನಿವಾರ ತಂದುಬಿಡ್ರಿ" ಎಂದಳು. ಎರವಲು ಕೇಳಬಹುದು ಎಂಬುದು ರಜಾಕನಿಗೆ ಈ ಇಡೀ ವಾರ ಹೊಳೆದಿರಲಿಲ್ಲ. ಕಿತ್ತುಕೊಳ್ಳುವುದು ಹೇಗೆ, ಬದಲಿಗೆ ಏನು ಕೊಡುವುದು, ಯಾವ ಸುಳ್ಳು ಹೇಳುವುದು ಎಂಬುದರಲ್ಲೇ ನಿದ್ದೆಗೆಟ್ಟಿದ್ದ. ಅವನಿಗೆ ಮೈಯೆಲ್ಲ ಸಣ್ಣದಾದಂತೆ ಆಯಿತು. "ಬೇಡ ತಂಗಿ" ಎಂದ. "ಇದು ನಿಮ್ಮದು. ಅವತ್ತು ನಾನು ಇದನ್ನ..."

"ಗೊತ್ತೈತ್ರಿ" ಎಂದಳು ನೀಲಗಂಗವ್ವ. "ಬಾಗಲದಾಗ ನೀವು ಅಂದದ್ದು ನನಗ ಕೇಳಿಸಿತ್ತು. ಈ ಸುದ್ದಿ ತಿಳಿದು ಬಂದವರಲ್ಲ ನೀವು. ಪಟಾನೂ ಅದಕ್ಕಂತ ತಂದದ್ದಲ್ಲ." ಅವಳು ಪಂಚೆಯ ಗಂಟನ್ನು ಬಿಗಿಮಾಡಿದಳು. "ಉಳಿದವರೆಲ್ಲ ಏನು ಅನಬೇಕಂತ ಮನ್ಯಾಗs ತಯಾರು ಮಾಡಿಕೊಂಡು ಬಂದಿದ್ರು. ಅವರ ಮಾತು ಒಂದೂ ನೆನಪಿಲ್ಲ ನನಗ." ಶಂಕ್ರಪ್ಪ ಅಷ್ಟು ಹೊತ್ತಿಗೆ ತಾಟು ತರುವ ನೆವದಲ್ಲಿ ಒಳಗೆ ಹೋಗಿದ್ದ. ರಜಾಕ್ ಏನನ್ನೋ ಹೇಳಲು ಬಾಯಿ ತೆರೆದು, ಅದೂ ತಯಾರಿಸಿದ ಮಾತಾದೀತೆಂದು ಮುಚ್ಚಿದ. ಅವಳೇ ಮುಂದುವರಿಸಿದಳು. "ನಾನs ತರ್ತೀನ್ರಿ ಶುಕ್ರವಾರ. ಅವರನ್ನ ಒಂದು ಕೇಳೂದೈತಿ." ಒಳಗೆ ತಾಟಿನ ಸದ್ದು ನಿಂತಿತು.

ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬರುವ ಹೊತ್ತಿಗೆ ಶಿರಸಿಯ ಬಸ್ಸು ಬಂದಿತ್ತು. ನಡುಮನೆಯಲ್ಲಿ ಗಂಡ ಹೆಂಡತಿ ಕುರ್ಚಿಯ ತುದಿಯಲ್ಲಿ ಕೂತಿದ್ದರು, ನಡುವೆ ಪಟ. ರಜಾಕ್ ಹಿಂದಿನ ದಿನವೇ ಬಾಳೆಹಣ್ಣು, ಸೋಡಾ ಬಾಟಲಿ ತರಿಸಿಟ್ಟಿದ್ದ. ತಮ್ಮ ಮನೆಯಲ್ಲಿ ಲಿಂಗಾಯತರು ಇನ್ನೇನು ತೆಗೆದುಕೊಂಡಾರು. ಆದರೆ ಶಮ್ಸುನ್ನಿಸಾ ಪರದೆ ಸರಿಸಿ ಚಹಾದ ಕಪ್ಪು ಹಿಡಿದು ತಾನೇ ಹೊರಗೆ ಬಂದು, ಬಂದ ಮೇಲೆ ತಪ್ಪಾಯಿತೇನೋ ಎಂದು ನಿಂತಳು. ನೀಲಗಂಗವ್ವ ಕಪ್ಪು ತೆಗೆದುಕೊಂಡು ಕುಡಿದಳು. ಶಂಕ್ರಪ್ಪ ಗೋಡೆಯ ಗಡಿಯಾರವನ್ನು ಗಮನವಿಟ್ಟು ನೋಡಿದ. ಆಮೇಲೆ ಇಬ್ಬರು ಹೆಂಗಸರೂ ಪಟವನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು. ಶಮ್ಸುನ್ನಿಸಾ ಕೆಂಪು ಉಡುಪಿನ ಹುಡುಗಿಯನ್ನು ನೋಡಿ, "ಇಷ್ಟು ಚಳಿ, ತಲೆ ಮೇಲೆ ಏನೂ ಹೊದೆಸಿಲ್ಲ" ಎಂದಳು. "ಹೌದ್ರಿ, ನಾನೂ ದಿನಾ ಅದನ್ನs ಅಂತೀನಿ" ಎಂದಳು ನೀಲಗಂಗವ್ವ.

ಇಶಿದಾ ಬಂದ. ಜೊತೆಗೆ ನಾಗಪತಿ, ಇಂಗ್ಲಿಷು ಮಾಡುವುದಕ್ಕೆ. ಗೋಡೆಯ ಮೇಲೆ ಪಟ ಇತ್ತು, ಎಂದಿನಿಂದಲೂ ಅಲ್ಲೇ ಇದ್ದಂತೆ. ಶಂಕ್ರಪ್ಪನೇ ಹತ್ತಿ ತೂಗುಹಾಕಿದ್ದ. ಇಶಿದಾ ಅದನ್ನು ನೋಡಿ ತಲೆಬಾಗಿಸಿದ, ರಜಾಕನಿಗೂ ಬಾಗಿಸಿದ, ಅಭ್ಯಾಸಬಲದಿಂದ ಪರದೆಗೂ ಬಾಗಿಸಿದ. ಎಲ್ಲ ಸರಿಹೋಗಿತ್ತು. ಸುಮ್ಮನಿದ್ದರೆ ಅರ್ಧ ತಾಸಿನಲ್ಲಿ ಮುಗಿಯುತ್ತಿತ್ತು; ಮನುಷ್ಯ ಬೇಲೆಕೇರಿಗೆ ಇಳಿದು, ಹಡಗು ಹತ್ತಿ, ಈ ಗೋಡೆಯನ್ನು ಹೀಗೆಯೇ ನೆನಪಿಟ್ಟುಕೊಳ್ಳುತ್ತಿದ್ದ. ನೀಲಗಂಗವ್ವ ಮೂಲೆಯಲ್ಲಿ ಅತಿಥಿಯಂತೆ, ತನ್ನದೇ ಪಟದ ಕಡೆ ನೋಡದೆ ಕೂತಿದ್ದಳು. ಅವಳು ಹಾಗೆ ನೋಡದೆ ಕೂತದ್ದು ರಜಾಕನಿಗೆ ತಡೆಯಲಾಗಲಿಲ್ಲ. "ನಾಗಪತಿ" ಎಂದ, "ಸಾಹೇಬರಿಗೆ ಹೇಳು, ಈ ಪಟ ಈಗ ನಮ್ಮ ಮನೇದಲ್ಲ. ಇವರ ಮನೇಲಿ ಇರ್ತದೆ. ನಾನು ಕೊಟ್ಟುಬಿಟ್ಟೆ."

ನಾಗಪತಿ ದನಿ ತಗ್ಗಿಸಿದ. "ಅದೆಲ್ಲ ಎಂತಕ್ಕೆ ಸಾಹೇಬ್ರೆ. ಅವರು ಖುಷಿಯಲ್ಲಿ ಇದ್ದಾರೆ."

"ಹೇಳು."

ನಾಗಪತಿ ಹೇಳಿದ. ಚಿಕ್ಕದಾಗಿಯೇ ಹೇಳಿದ. ಇಶಿದಾನ ಮುಖದಲ್ಲಿ ಏನೂ ಬದಲಾಗಲಿಲ್ಲ, ಅಥವಾ ಬದಲಾದದ್ದನ್ನು ಓದಲು ರಜಾಕನಿಗೆ ಬರಲಿಲ್ಲ. ಅವನು ಕುರ್ಚಿಯಿಂದ ಎದ್ದ. ಹೊರಟೇ ಹೋಗುತ್ತಾನೆ ಎಂದುಕೊಂಡು ರಜಾಕನೂ ಎದ್ದ. ಆದರೆ ಇಶಿದಾ ಮೂಲೆಯ ಕಡೆ ತಿರುಗಿ ನೀಲಗಂಗವ್ವನಿಗೆ ತಲೆಬಾಗಿಸಿದ, ಉಳಿದವರಿಗೆ ಬಾಗಿಸಿದ್ದಕ್ಕಿಂತ ಕೆಳಗೆ. ಅವಳು ಸೆರಗು ಸರಿಮಾಡಿಕೊಂಡು ಎದ್ದುನಿಂತಳು. ವಾರದಿಂದಲ್ಲ, ವರ್ಷದಿಂದ ಕಾದಿದ್ದ ಮಾತಾದ್ದರಿಂದ ನೇರವಾಗಿ ಕೇಳಿದಳು: "ಈ ಹುಡುಗಿ ಕೈ ಹಿಡಿದವರು ಯಾರ್ರಿ?"

ನಾಗಪತಿ ಅದನ್ನು ಇಂಗ್ಲಿಷಿನಲ್ಲಿ ಕೇಳಿದ. ಇಶಿದಾ ಮತ್ತೆ ಕೇಳಿಸಿಕೊಂಡ. ಯಾವ ಹುಡುಗಿ ಎಂದ.

ಅವಳು ಪಟದ ಹತ್ತಿರ ಹೋಗಿ ತೋರಿಸಿದಳು. ಕೆಂಪು ಉಡುಪು, ಇತ್ತ ಬೆನ್ನು, ಎತ್ತಿದ ಒಂದು ಪುಟ್ಟ ಕೈ. ಆ ಕೈಯನ್ನು ಹಿಡಿದ ಇನ್ನೊಂದು ಕೈ ದೊಡ್ಡ ಕೊಡೆಯ ಅಂಚಿನಿಂದ ಬಂದಿತ್ತು. ಕೊಡೆಯ ಹಿಂದೆ ಇರುವವರು ಗಂಡಸೋ ಹೆಂಗಸೋ ಕಾಣುತ್ತಿರಲಿಲ್ಲ. ಇಶಿದಾ ಜೇಬಿನಿಂದ ಇನ್ನೊಂದು ಕನ್ನಡಕ ತೆಗೆದು ಹಾಕಿಕೊಂಡು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಬಗ್ಗಿದ. ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ಹೇಳಿದ್ದನ್ನು ನಾಗಪತಿ, ತನಗೇ ಸರಿಯಾಗಿ ತಿಳಿಯಿತೇ ಎಂಬ ಅನುಮಾನದಿಂದ, ನಿಧಾನವಾಗಿ ಹೇಳಿದ: "ಹುಟ್ಟಿದಾಗಿನಿಂದ ಈ ಪಟ ಅವರ ಮನೆಯಲ್ಲಿ ಇತ್ತಂತೆ. ಇದರಲ್ಲಿ ಒಂದು ಹುಡುಗಿ ಇದ್ದದ್ದನ್ನ ಅವರು ಇವತ್ತೇ ನೋಡಿದ್ದಂತೆ."

"ಕೈ ಯಾರದು ಅಂತ?" ಎಂದಳು ನೀಲಗಂಗವ್ವ.

"ಗೊತ್ತಿಲ್ಲ ಅಂದ್ರು."

ನೀಲಗಂಗವ್ವ ತಲೆಯಾಡಿಸಿದಳು. ನಿರಾಶೆಯಾಯಿತೋ ಏನೋ, ಹೇಳಲು ಬರುವಂತಿರಲಿಲ್ಲ. "ಇರ್ಲಿ ಬಿಡ್ರಿ. ಹಿಡಿದಾರಲ್ಲ, ಬಿಟ್ಟಿಲ್ಲ" ಎಂದಳು. ಇಶಿದಾ ಅಲ್ಲಿಂದ ಕದಲಲಿಲ್ಲ. ಅವನು ಅದಿರಿನ ಮಾದರಿಯನ್ನು ಅಂಗೈಯಲ್ಲಿಟ್ಟು ನೋಡುವುದನ್ನು ರಜಾಕ್ ಬಂದರಿನಲ್ಲಿ ಕಂಡಿದ್ದ. ಈಗಲೂ ಹಾಗೆಯೇ ನೋಡುತ್ತಿದ್ದ. ಆ ಕೆಂಪಿನ ಕಡೆ ಬೆರಳು ಮಾಡಿ, ನಾಗಪತಿಯನ್ನು ಏನೋ ಕೇಳಿದ. ನಾಗಪತಿ ಎಳೆಯ ಪ್ರಾಯದವನು, ಯಲ್ಲಾಪುರಕ್ಕೆ ಬಂದು ಆರು ತಿಂಗಳಾಗಿತ್ತು. ಶಿರಸಿಯ ಆ ಮನೆಯಲ್ಲಿ ನಡೆದದ್ದು ಅವನಿಗೆ ತಿಳಿದಿರಲಿಲ್ಲ. ಅವನು ಸಹಜವಾಗಿ ತಿರುಗಿ ಹೇಳಿದ: "ಇವರು ಇಷ್ಟು ನೋಡಿದ್ದಾರಲ್ಲ, ಹುಡುಗಿಗೆ ಒಂದು ಹೆಸರು ಇಟ್ಟಿರಬೇಕು. ಹೆಸರು ಎಂತದು ಅಂತ ಕೇಳ್ತಾರೆ."

ರಜಾಕ್ ಕಣ್ಣು ಕೆಳಗೆ ಹಾಕಿದ. ಪರದೆಯ ಹತ್ತಿರ ಶಮ್ಸುನ್ನಿಸಾ ಬಳೆ ಸದ್ದಾಗದಂತೆ ಕೈ ಹಿಡಿದುಕೊಂಡಳು. ಒಂದು ವರ್ಷದಿಂದ ತೀರಿಹೋದ ಮಗಳ ಹೆಸರನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಶಂಕ್ರಪ್ಪನ ಮುಂದಂತೂ ಅಂಗಡಿಯ ಆಳು ಅದೇ ಹೆಸರಿನ ತನ್ನ ಅಕ್ಕನನ್ನೂ ಬರಿ ಅಕ್ಕ ಅನ್ನುತ್ತಿದ್ದ. ನೀಲಗಂಗವ್ವ ಗಂಡನ ಕಡೆ ನೋಡಲಿಲ್ಲ. ಹೊರಗೆ ಅದಿರು ತುಂಬಿದ ಒಂದು ಲಾರಿ ಘಟ್ಟದ ಕಡೆ ಹೋಯಿತು, ಅದು ಹೋಗಿ ಮುಗಿಯುವವರೆಗೆ ಎಲ್ಲರೂ ಕಾದರು.

"ಗಿರಿಜವ್ವ" ಎಂದ ಶಂಕ್ರಪ್ಪ.

"ಗಿರಿಜಾಬು" ಎಂದ ಇಶಿದಾ.

"ಅಲ್ರಿ" ಎಂದಳು ನೀಲಗಂಗವ್ವ. ಅವನ ಎದುರಿಗೆ ಬಂದು ನಿಂತು, ತುಟಿ ಕಾಣುವಂತೆ ಸೆರಗು ಹಿಂದಕ್ಕೆ ಸರಿಸಿ, ನಿಧಾನವಾಗಿ ಹೇಳಿಕೊಟ್ಟಳು. "ಅವ್ವ. ಗಿರಿಜ, ಅವ್ವ."

ಇಶಿದಾ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮತ್ತೆ ತಪ್ಪಿದ. ಅವಳು ಮತ್ತೆ ಹೇಳಿದಳು. ಶಂಕ್ರಪ್ಪನೂ ಕುರ್ಚಿ ಬಿಟ್ಟು ಎದ್ದುಬಂದು, ಬಟ್ಟೆಯ ಅಳತೆ ಸರಿಪಡಿಸುವವನ ತಾಳ್ಮೆಯಿಂದ, "ಜ ಅನ್ನೂದು ಹಗೂರ ಅನ್ರಿ" ಎಂದ. ನಾಗಪತಿಗೆ ಮಾಡಲು ಏನೂ ಇರಲಿಲ್ಲ. ಚಹಾ ಆರಿತು. ಗೋಡೆಯ ಮುಂದೆ ಮೂವರೂ ನಿಂತು, ಒಬ್ಬರಾದ ಮೇಲೆ ಒಬ್ಬರು, ಆ ಹೆಸರನ್ನು ಗಟ್ಟಿಯಾಗಿ ಹೇಳುತ್ತ ಹೋದರು, ಸರಿಯಾಗಿ ಬರುವವರೆಗೆ.